ಸ್ವರವನ್ನು ತೂಗುವ ಕೈ

ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಇನ್ನು ಎರಡು ವಾರವಿದೆ ಎನ್ನುವಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮನೆಯಿಂದ ಒಂದು ಕೀಬೋರ್ಡ್ ಹೊತ್ತು ತಂದಳು. ಅವಳ ಸೋದರಮಾವ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಹಳೆಯ ವಾದ್ಯವಂತೆ. ಪ್ರಾರ್ಥನೆಗೆ ಇದನ್ನೇ ನುಡಿಸುತ್ತೇನೆ ಎಂದು ಅವಳ ಹಟ. ಕಾರ್ಯಕ್ರಮಗಳ ಜವಾಬ್ದಾರಿ ನನ್ನ ತಲೆಯ ಮೇಲಿದ್ದುದರಿಂದ, 'ಸರಿ, ನುಡಿಸು ನೋಡೋಣ' ಎಂದೆ. ಪಿಟೀಲಿನ ದನಿಗೆ ಗುಂಡಿ ಒತ್ತಿ ಮೋಹನ ರಾಗದ ಒಂದು ದೇವರನಾಮ ನುಡಿಸಿದಳು. ಒಂದು ಸ್ವರಸ್ಥಾನವೂ ತಪ್ಪಲಿಲ್ಲ, ತಾಳವೂ ತಪ್ಪಲಿಲ್ಲ. ಆದರೂ ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆಯಂತೆ ಪ್ರತಿಯೊಂದು ಸ್ವರವೂ ಸೆಟೆದು ನಿಂತಿತ್ತು.

"ಇದರಲ್ಲಿ ಜೀವ ಇಲ್ಲ ಕಣೇ. ಗಮಕ ಇಲ್ಲದ್ದು ಸಂಗೀತವೇ ಅಲ್ಲ" ಎಂದೆ.

ಅವಳು ಎಡಗೈಯನ್ನು ವಾದ್ಯದ ಅಂಚಿನಲ್ಲಿದ್ದ ಒಂದು ಪುಟ್ಟ ಚಕ್ರದ ಮೇಲಿಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದಳು. ಹಿಡಿದಿದ್ದ ಸ್ವರ ಸಣ್ಣಗೆ ಅಲೆಯಾಡತೊಡಗಿತು. "ಈಗ ಮಿಸ್?" ಎಂದು ಮುಖ ನೋಡಿದಳು.

"ಅದು ಗಮಕವಲ್ಲ, ಯಂತ್ರಕ್ಕೆ ಬಂದ ಚಳಿಜ್ವರ" ಎಂದುಬಿಟ್ಟೆ. ಸುತ್ತ ನಿಂತಿದ್ದ ಮಕ್ಕಳು ನಕ್ಕರು. ಅವಳ ಮುಖ ಸಣ್ಣದಾಯಿತು. ಮರುದಿನ ಕೀಬೋರ್ಡ್ ಬರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನೂ ಹನ್ನೆರಡನೆಯ ವಯಸ್ಸಿನಲ್ಲಿ ಪಾಠಕ್ಕೆ ಹೋಗುತ್ತಿದ್ದವಳು. ಮನೆಯಲ್ಲಿ ಹಾರ್ಮೋನಿಯಂ ಜೊತೆಗೆ ಹಾಡಿ ಹಾಡಿ ನನ್ನ ದನಿಯೂ ಅದರಂತೆಯೇ ನೆಟ್ಟಗೆ ನಿಲ್ಲುವುದನ್ನು ಕಲಿತಿತ್ತು. ವರ್ಣಗಳ ಹೊತ್ತಿಗೆ, ತೋಡಿಯ ಗಾಂಧಾರವನ್ನು ಅಲುಗಿಸಿ ಹಾಡಬೇಕಾಗಿ ಬಂದಾಗ ಸಿಕ್ಕಿಬಿದ್ದೆ. ಪಾಠ ಹೇಳುತ್ತಿದ್ದವರು ಒಂದು ದಿನ ಎಲ್ಲರೆದುರು, "ನಿನ್ನ ಕಂಠದಲ್ಲಿ ಗಮಕ ಇಲ್ಲಮ್ಮ, ಬಿಟ್ಟುಬಿಡು" ಎಂದರು. ಬಿಟ್ಟುಬಿಟ್ಟೆ. ನಲವತ್ತು ವರ್ಷದ ಮೇಲೆ ಅದೇ ಮಾತನ್ನು ನಾನು ಇನ್ನೊಂದು ಮಗುವಿಗೆ ದಾಟಿಸಿದ್ದೆ. ಅದೂ ಆ ಚಕ್ರದೊಳಗೆ ಏನಿದೆ ಎಂದು ತಿಳಿಯದೆ.

ನಾನು ಇತಿಹಾಸ ಪಾಠ ಮಾಡುವವಳು. ಯಾವುದನ್ನು ಕಂಡರೂ ಇದು ಯಾವಾಗ ಬಂತು, ಯಾರು ತಂದರು, ಯಾಕೆ ಬೇಕಾಯಿತು ಎಂದು ಕೇಳುವುದು ಕಸುಬಿನ ಚಟ. ಈ ಚಕ್ರದ ಬಗ್ಗೆ ಮಾತ್ರ ಕೇಳದೆ ತೀರ್ಪು ಕೊಟ್ಟಿದ್ದೆ. ಆದ್ದರಿಂದ ಪ್ರಾಯಶ್ಚಿತ್ತದಂತೆ ಓದಲು ಕುಳಿತೆ.

ಮೊದಲು ಅದರೊಳಗಿನ ಸಂಗತಿ. ನಮ್ಮ ವಿಜ್ಞಾನದ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಅಲೆ ಬರೆದು ತೋರಿಸಿದರು. ಸಿಂಥಸೈಜರ್ ಎಂಬ ವಾದ್ಯದಲ್ಲಿ ದನಿ ಹುಟ್ಟುವುದು ಆಸಿಲೇಟರ್ ಎಂಬ ವಿದ್ಯುತ್ ಸಾಧನದಿಂದ. ಅದು ಸೆಕೆಂಡಿಗೆ 440 ಸಲ ಆಂದೋಲಿಸಿದರೆ ಪಾಶ್ಚಾತ್ಯರು 'ಎ' ಎಂದು ಕರೆಯುವ ಸ್ವರ ಕೇಳುತ್ತದೆ. ಇದರ ಪಕ್ಕದಲ್ಲಿಯೇ ಇನ್ನೊಂದು ಆಸಿಲೇಟರ್ ಇರುತ್ತದೆ. ಅದು ಬಹಳ ನಿಧಾನ. ಸೆಕೆಂಡಿಗೆ ಐದೋ ಆರೋ ಸಲ, ಕೆಲವೊಮ್ಮೆ ಹತ್ತು ಸೆಕೆಂಡಿಗೆ ಒಂದು ಸಲ. ಸೆಕೆಂಡಿಗೆ ಸುಮಾರು 20ಕ್ಕಿಂತ ಕಡಿಮೆಯಾದ ಆಂದೋಲನ ನಮ್ಮ ಕಿವಿಗೆ ಸ್ವರವಾಗಿ ಕೇಳುವುದೇ ಇಲ್ಲ. ಹಾಗಾಗಿ ಈ ಎರಡನೆಯದಕ್ಕೆ ಸ್ವಂತ ದನಿಯಿಲ್ಲ. ಅದರ ಕೆಲಸವೇ ಬೇರೆ. ಮೊದಲನೆಯದನ್ನು ಹಿಡಿದು ತೂಗುವುದು. ಇದಕ್ಕೆ ಲೋ ಫ್ರೀಕ್ವೆನ್ಸಿ ಆಸಿಲೇಟರ್, ಚಿಕ್ಕದಾಗಿ ಎಲ್ಎಫ್ಓ ಎಂದು ಹೆಸರು. ಮಂದಗತಿಯ ಆಂದೋಲಕ ಎನ್ನಬಹುದು.

ತೊಟ್ಟಿಲಿನ ಮಗು ಅಳುವುದು ಕೇಳುತ್ತದೆ. ತೂಗುವ ಕೈ ಸದ್ದು ಮಾಡುವುದಿಲ್ಲ. ಆ ಕೈ ಸ್ವರದ ಎತ್ತರವನ್ನು ತೂಗಿದರೆ ದನಿ ಮೇಲೆ ಕೆಳಗೆ ಅಲುಗುತ್ತದೆ. ಅದಕ್ಕೆ ಪಾಶ್ಚಾತ್ಯರು ವಿಬ್ರಾಟೋ ಎನ್ನುತ್ತಾರೆ. ದನಿಯ ಪ್ರಮಾಣವನ್ನು ತೂಗಿದರೆ ಗಟ್ಟಿ-ಮೆಲ್ಲ, ಗಟ್ಟಿ-ಮೆಲ್ಲ ಆಗುತ್ತದೆ. ಅದು ಟ್ರೆಮೊಲೊ. ದನಿಯ ತೀಕ್ಷ್ಣತೆಯನ್ನು ಸೋಸುವ ಫಿಲ್ಟರನ್ನು ತೂಗಿದರೆ ಯಾರೋ ಬಾಯಿ ತೆರೆದು ಮುಚ್ಚಿ 'ವಾ, ವಾ' ಎಂದಂತೆ ಕೇಳುತ್ತದೆ. ದನಿ ರೂಪಿಸುವವರು ನಿರ್ಧರಿಸಬೇಕಾದದ್ದು ಕೆಲವೇ ಸಂಗತಿ: ಎಷ್ಟು ಬೇಗ ತೂಗಬೇಕು, ಎಷ್ಟು ದೂರ ತೂಗಬೇಕು, ನುಣುಪಾಗಿಯೋ ಜಗ್ಗಿ ಜಗ್ಗಿಯೋ, ಮತ್ತು ಸ್ವರ ಹುಟ್ಟಿದ ಎಷ್ಟು ಹೊತ್ತಿಗೆ ತೂಗಲು ಶುರು ಮಾಡಬೇಕು.

ಇಷ್ಟು ಕೇಳಿದ ಮೇಲೆ ನನಗೆ ನೆನಪಾದದ್ದು ಶಾರ್ಙ್ಗದೇವ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ದೊರೆ ಸಿಂಘಣನ ಆಶ್ರಯದಲ್ಲಿದ್ದು 'ಸಂಗೀತ ರತ್ನಾಕರ' ಬರೆದವನು. ಕೇಳುಗರ ಮನಸ್ಸಿಗೆ ಸುಖ ಕೊಡುವ ಸ್ವರದ ಕಂಪನವೇ ಗಮಕ ಎಂದು ಹೇಳಿ ಹದಿನೈದು ಗಮಕಗಳನ್ನು ಎಣಿಸುತ್ತಾನೆ. ಅವುಗಳಲ್ಲಿ ಕೆಲವನ್ನು ಅವನು ಬೇರ್ಪಡಿಸುವುದು ವೇಗದಿಂದ. ದ್ರುತವೆಂಬ ತಾಳದ ಅಳತೆಯ ಅರ್ಧ ಹೊತ್ತಿನಲ್ಲಿ ಅಲುಗಿದರೆ ಕಂಪಿತ, ಒಂದು ದ್ರುತವಾದರೆ ಲೀನ, ಲಘುವಿನಷ್ಟಾದರೆ ಆಂದೋಲಿತ, ಪ್ಲುತದಷ್ಟು ನಿಧಾನವಾದರೆ ಪ್ಲಾವಿತ. ಬಿಎಡ್ ಮಾಡುವಾಗ ಇದನ್ನೆಲ್ಲ ಪಟ್ಟಿಯಾಗಿ ಬಾಯಿಪಾಠ ಮಾಡಿದ್ದ ಗೆಳತಿಯೊಬ್ಬಳು ನಮ್ಮ ಹಾಸ್ಟೆಲಿನಲ್ಲಿದ್ದಳು. ಆಗ ಒಣ ಶಾಸ್ತ್ರವೆನಿಸಿತ್ತು. ಎಷ್ಟು ಬೇಗ ತೂಗಬೇಕು ಎಂಬ ಪ್ರಶ್ನೆಗೆ ಏಳೆಂಟು ನೂರು ವರ್ಷದ ಹಿಂದೆಯೇ ಒಬ್ಬಾತ ಅಳತೆಪಟ್ಟಿ ಮಾಡಿಟ್ಟಿದ್ದ ಎಂದು ಈಗ ಹೊಳೆಯಿತು.

ನಮ್ಮವರು ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ಎನ್ನುವುದಕ್ಕೆ ಎರಡು ವಾದ್ಯಗಳ ಕತೆ ಸಾಕು. ಪಿಟೀಲೂ ಹಾರ್ಮೋನಿಯಮ್ಮೂ ಎರಡೂ ಪಶ್ಚಿಮದಿಂದ ಬಂದವೇ. ಪಿಟೀಲಿನ ತಂತಿಯ ಮೇಲೆ ಬೆರಳು ಜಾರುತ್ತದೆ, ಅಲುಗುತ್ತದೆ. ಆದ್ದರಿಂದ ಅದು ನೆಲದ ಮೇಲೆ ಕುಳಿತು ನಮ್ಮದೇ ಆಗಿಹೋಯಿತು. ಹಾರ್ಮೋನಿಯಮ್ಮಿನ ಪೀಪಿ ಮಾತ್ರ ತನ್ನ ಸ್ವರ ಬಿಟ್ಟು ಅತ್ತಿತ್ತ ಕದಲುವುದಿಲ್ಲ. ಅದಕ್ಕೇ 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. 1971ರವರೆಗೂ ಆ ಬಾಗಿಲು ಸಡಿಲವಾಗಲಿಲ್ಲ. ಅಷ್ಟರಲ್ಲಿ ಭಜನಾ ಮಂದಿರ, ನಾಟಕದ ಕಂಪನಿ, ಶಾಲೆಯ ಪ್ರಾರ್ಥನೆ ಎಲ್ಲ ಕಡೆಯೂ ಅದು ಕಾಲೂರಿತ್ತು. ನನ್ನಂಥ ಎಷ್ಟೋ ಮಕ್ಕಳ ಕಂಠ ಅದರ ಕೈಯಲ್ಲಿಯೇ ಬೆಳೆಯಿತು.

ಅಲುಗದ ಸ್ವರದ ಕೊರತೆ ನಮಗೆ ಮಾತ್ರ ಕಾಡಿದ್ದಲ್ಲ ಎಂಬುದು ಮುಂದೆ ಓದಿದಾಗ ತಿಳಿಯಿತು. ಅಮೆರಿಕದಲ್ಲಿ ಲಾರೆನ್ಸ್ ಹ್ಯಾಮಂಡ್ ಎಂಬವರ ವಿದ್ಯುತ್ ಆರ್ಗನ್ 1935ರಲ್ಲಿ ಮಾರಾಟಕ್ಕೆ ಬಂತು. ಡಾನ್ ಲೆಸ್ಲಿ ಎಂಬ ತಂತ್ರಜ್ಞನಿಗೆ ಅದರ ನೆಟ್ಟನೆಯ ದನಿ ಹಿಡಿಸಲಿಲ್ಲ. ದೊಡ್ಡ ಚಿತ್ರಮಂದಿರಗಳ ಕೊಳವೆ ಆರ್ಗನ್ನಿನ ತುಂಬು ಇದರಲ್ಲಿಲ್ಲ ಎನಿಸಿ, ದನಿ ಹೊರಬರುವ ಕಹಳೆಯನ್ನೇ ಪೆಟ್ಟಿಗೆಯೊಳಗೆ ಗಿರಗಿರ ತಿರುಗಿಸುವ ಸ್ಪೀಕರನ್ನು ಕಟ್ಟಿದ. ವೇಗವಾಗಿ ತಿರುಗುವಾಗ ನಿಮಿಷಕ್ಕೆ ಸುಮಾರು 400 ಸುತ್ತು, ಅಂದರೆ ಸೆಕೆಂಡಿಗೆ ಆರರಿಂದ ಏಳು. ಒಳ್ಳೆಯ ಗಾಯಕಿಯ ವಿಬ್ರಾಟೋ ಇರುವುದೂ ಸರಿಸುಮಾರು ಅಷ್ಟೇ ವೇಗದಲ್ಲಿ. ಹ್ಯಾಮಂಡ್ ಕಂಪನಿ ಅದನ್ನು ಬೇಡವೆಂದಿತು. ಕೊಂಡವರು ಮಾತ್ರ ಹ್ಯಾಮಂಡ್ ಜೊತೆಗೆ ಲೆಸ್ಲಿ ಪೆಟ್ಟಿಗೆಯನ್ನೂ ಹುಡುಕಿಕೊಂಡು ಹೋದರು.

ಅದಕ್ಕೂ ಹಿಂದೆ, 1920ರ ಸುಮಾರಿಗೆ, ರಷ್ಯದ ಲೆವ್ ಥೆರಮಿನ್ ಮುಟ್ಟದೆಯೇ ನುಡಿಸುವ ವಿದ್ಯುತ್ ವಾದ್ಯವೊಂದನ್ನು ಮಾಡಿದ್ದ. ಗಾಳಿಯಲ್ಲಿ ಕೈ ಹತ್ತಿರ ತಂದರೆ ಸ್ವರ ಏರುತ್ತದೆ, ದೂರ ಸರಿಸಿದರೆ ಇಳಿಯುತ್ತದೆ. ಇದನ್ನು ನಿಜವಾದ ಸಂಗೀತವಾಗಿ ಮಾಡಿದವಳು ಕ್ಲಾರಾ ರಾಕ್‌ಮೋರ್. ಎಳವೆಯಲ್ಲಿಯೇ ಪಿಟೀಲಿನಲ್ಲಿ ಅಸಾಧಾರಣ ಪ್ರತಿಭೆ ತೋರಿದ ಹೆಣ್ಣುಮಗು. ಕಮಾನು ಹಿಡಿಯುವ ತೋಳಿನ ತೊಂದರೆಯಿಂದ ಪಿಟೀಲನ್ನೇ ಬಿಡಬೇಕಾಯಿತು. ಆಕೆ ಗಾಳಿಯಲ್ಲಿ ಬೆರಳು ನಡುಗಿಸಿ ಆ ಯಂತ್ರದಿಂದ ಹಾಡಿಸಿದಳು. ಅಲ್ಲಿ ಮಂದಗತಿಯ ಆಂದೋಲಕ ಬೇರೆ ಯಾವುದೂ ಇರಲಿಲ್ಲ, ಅವಳ ಕೈಯೇ ಅದು.

ಆ ವಾದ್ಯವನ್ನು ಹುಡುಗನಾಗಿದ್ದಾಗಿನಿಂದ ಕಟ್ಟಿ ಮಾರುತ್ತಿದ್ದವನು ರಾಬರ್ಟ್ ಮೋಗ್. ಅವನ ಹೆಸರನ್ನು ಮೊದಲು ಓದಿದಾಗ 'ಮೂಗ್' ಎಂದು ಓದಿ ನಾನೊಬ್ಬಳೇ ನಕ್ಕಿದ್ದೆ. ಮೋಗ್ ಎನ್ನಬೇಕಂತೆ. ಹರ್ಬರ್ಟ್ ಡಾಯ್ಚ್ ಎಂಬ ಸಂಗೀತಗಾರನ ಜೊತೆ ಸೇರಿ 1964ರಲ್ಲಿ ಅವನು ಕಟ್ಟಿದ ಸಿಂಥಸೈಜರಿನ ತಿರುಳು ಒಂದೇ: ಒಂದು ಭಾಗದಿಂದ ಹೊರಬಂದ ವಿದ್ಯುತ್ತು ಇನ್ನೊಂದು ಭಾಗವನ್ನು ಆಳಬಹುದು. ನಿಧಾನದ ಆಂದೋಲಕದ ತಂತಿಯನ್ನು ವೇಗದ ಆಂದೋಲಕಕ್ಕೆ ಸಿಕ್ಕಿಸಿದರೆ ಸ್ವರ ತೂಗುತ್ತದೆ. ತಂತಿ ಕಿತ್ತು ಫಿಲ್ಟರಿಗೆ ಸಿಕ್ಕಿಸಿದರೆ 'ವಾ, ವಾ'. ಗೋಡೆಯಷ್ಟು ದೊಡ್ಡದಾಗಿದ್ದ ಈ ಸಾಮಗ್ರಿ 1970ರಲ್ಲಿ ಮಿನಿಮೋಗ್ ಎಂಬ ಹೊತ್ತೊಯ್ಯಬಹುದಾದ ಪೆಟ್ಟಿಗೆಯಾಯಿತು. ಅದರಲ್ಲಿ ಮೂರು ಆಸಿಲೇಟರ್. ಮೂರನೆಯದನ್ನು ನಿಧಾನಗೊಳಿಸಿ ತೂಗುವ ಕೆಲಸಕ್ಕೆ ಹಚ್ಚಬಹುದಿತ್ತು. ಎಷ್ಟು ತೂಗಬೇಕು ಎಂದು ಆ ಗಳಿಗೆಯಲ್ಲಿಯೇ ತೀರ್ಮಾನಿಸಲು ಎಡಗೈಗೆ ಒಂದು ಚಕ್ರವನ್ನು ಕೊಟ್ಟರು. ನನ್ನ ಹುಡುಗಿ ತಳ್ಳಿದ ಚಕ್ರದ ಮೂಲ ಅದು. 1983ರಲ್ಲಿ ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದರೊಡನೊಂದು ಮಾತಾಡಲು ಮಿಡಿ ಎಂಬ ಸಂಕೇತಭಾಷೆ ಬಂದಾಗ ಈ ಚಕ್ರಕ್ಕೆ 1ನೇ ಸಂಖ್ಯೆಯನ್ನೇ ಕೊಟ್ಟರು.

ಮೋಗ್ ಯಂತ್ರ ನಮ್ಮ ದೇಶಕ್ಕೂ ಬಂದಿತ್ತು, ಅದೂ ತೀರ ಮೊದಲಿಗೆ. 1969ರಲ್ಲಿ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ ಡೇವಿಡ್ ಟ್ಯೂಡರ್ ಎಂಬ ಅಮೆರಿಕದ ಸಂಗೀತಗಾರ ಅದನ್ನು ಸ್ಥಾಪಿಸಿಕೊಟ್ಟ. ಅದರ ಹಿಂದಿದ್ದವರು ಗೀತಾ ಸಾರಾಭಾಯಿ, ವಿಜ್ಞಾನಿ ವಿಕ್ರಮ್ ಸಾರಾಭಾಯಿಯವರ ಸಹೋದರಿ. ಹೆಣ್ಣುಮಕ್ಕಳು ಮುಟ್ಟದಿದ್ದ ಪಖಾವಾಜನ್ನು ಕಲಿತು ನುಡಿಸಿದವರು. 1946ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕೇಜ್ ಎಂಬ ಪ್ರಸಿದ್ಧ ರಚನಕಾರನಿಗೆ ನಮ್ಮ ಸಂಗೀತ ಹೇಳಿಕೊಟ್ಟು, ಅವನಿಂದ ಅವರ ಸಂಗೀತ ಕಲಿತು ಬಂದವರು. ಪಖಾವಾಜ್ ಹಿಡಿದ ಕೈ ಮೋಗ್ ಯಂತ್ರದ ತಿರುಪನ್ನೂ ತಿರುಗಿಸಿತು. ಆ ಪ್ರಯೋಗಶಾಲೆ ಕೆಲವೇ ವರ್ಷ ನಡೆದು ನಿಂತಿತು. ಧ್ವನಿಸುರುಳಿಗಳು ದಶಕಗಳ ಕಾಲ ಕಪಾಟಿನಲ್ಲಿದ್ದು 2023ರಲ್ಲಿ ಸಂಗ್ರಹವಾಗಿ ಹೊರಬಂದವು. ಯಂತ್ರ, ಗಮಕ ಎಂದು ನಾನು ಎರಡು ಬೀದಿಗಳಲ್ಲಿ ಇಟ್ಟಿದ್ದವು ಅಲ್ಲಿ ಒಂದೇ ಕೋಣೆಯಲ್ಲಿ ಕುಳಿತಿದ್ದವು.

ಈ ಇತಿಹಾಸದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಜಾನ್ ಚೌನಿಂಗ್ ಅವರ ಕತೆ. ಇವರು ತಾಳವಾದ್ಯ ನುಡಿಸುತ್ತಿದ್ದವರು. ಪ್ಯಾರಿಸಿನಲ್ಲಿ ನಾಡಿಯಾ ಬುಲಾಂಜೆ ಎಂಬ ಮಹಾ ಶಿಕ್ಷಕಿಯ ಬಳಿ ಕಲಿತು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಬಂದಿದ್ದರು. 1967ರಲ್ಲಿ ಅಲ್ಲಿನ ಕಂಪ್ಯೂಟರಿನಲ್ಲಿ ಒಂದು ಸ್ವರಕ್ಕೆ ವಿಬ್ರಾಟೋ ಕೊಟ್ಟು ನೋಡುತ್ತಿದ್ದರು. ವೇಗ ಹೆಚ್ಚಿಸುತ್ತಾ ಹೋದರು, ಅಗಲವನ್ನೂ ಹೆಚ್ಚಿಸಿದರು. ಒಂದು ಹಂತ ದಾಟಿದ ಮೇಲೆ ಸ್ವರ ಅಲುಗುವುದು ಕೇಳಲೇ ಇಲ್ಲ. ಅದರ ಬದಲು ಬೇರೆಯೇ ಒಂದು ದನಿ, ಗಂಟೆಯಂಥದು, ಕಹಳೆಯಂಥದು, ಹುಟ್ಟಿಕೊಂಡಿತು! ಫ್ಯಾನಿನ ರೆಕ್ಕೆಗಳು ಬೇರೆ ಬೇರೆಯಾಗಿ ಕಾಣುತ್ತಿದ್ದು, ವೇಗ ಹೆಚ್ಚಿದಾಗ ಒಂದೇ ತಟ್ಟೆಯಾಗುತ್ತವಲ್ಲ, ಹಾಗೆ. ತೂಗುವ ಕೈ ಸಾಕಷ್ಟು ವೇಗವಾದರೆ ಅದೇ ದನಿಯ ಬಣ್ಣವಾಗುತ್ತದೆ.

ಅವರು ಇದನ್ನು 1973ರಲ್ಲಿ ಪ್ರಕಟಿಸಿದರು. ಅಮೆರಿಕದ ಆರ್ಗನ್ ಕಂಪನಿಗಳಿಗೆ ತೋರಿಸಿದಾಗ ಅವರಿಗೆ ಇದರ ತಿರುಳು ಹೊಳೆಯಲಿಲ್ಲ. ಅದೇ ವರ್ಷಗಳಲ್ಲಿ ವಿಶ್ವವಿದ್ಯಾಲಯ ಚೌನಿಂಗ್ ಅವರಿಗೆ ಕಾಯಂ ಹುದ್ದೆ ನಿರಾಕರಿಸಿತು. ಕೊನೆಗೆ ಜಪಾನಿನ ಯಮಾಹಾ ಕಂಪನಿ ಹಕ್ಕನ್ನು ಪಡೆದು, ವರ್ಷಗಟ್ಟಲೆ ತಿದ್ದಿ, 1983ರಲ್ಲಿ ಡಿಎಕ್ಸ್-7 ಎಂಬ ವಾದ್ಯವನ್ನು ತಂದಿತು. ಅದು ಲೋಕವೆಲ್ಲ ಹರಡಿತು. ಕಾಯಂ ಮಾಡಲಾಗದವನೆಂದು ಕಳಿಸಿದವರೇ ಅಷ್ಟರಲ್ಲಿ ಅವರನ್ನು ಮತ್ತೆ ಕರೆದುಕೊಂಡಿದ್ದರು. ಆ ಒಂದು ಹಕ್ಕಿನಿಂದ ವಿಶ್ವವಿದ್ಯಾಲಯಕ್ಕೆ ಎರಡು ಕೋಟಿ ಡಾಲರಿಗೂ ಹೆಚ್ಚು ಬಂತು. ಮೇಷ್ಟ್ರುಗಳ ತೀರ್ಪು ಎಷ್ಟು ತಪ್ಪಬಹುದು ಎಂಬುದನ್ನು ನಾನು ಆ ಪುಟದಲ್ಲಿ ಎರಡು ಸಲ ಓದಿಕೊಂಡೆ.

ಚೌನಿಂಗ್ ಅವರ ಇನ್ನೊಂದು ಪ್ರಯೋಗ ಇನ್ನೂ ಹತ್ತಿರದ್ದು. 1980ರ ಹೊತ್ತಿಗೆ ಪ್ಯಾರಿಸಿನ ಇರ್ಕಾಮ್ ಸಂಸ್ಥೆಯಲ್ಲಿ ಅವರು ಕಂಪ್ಯೂಟರಿನಿಂದ ಹೆಣ್ಣುದನಿಯೊಂದನ್ನು ಹಾಡಿಸಲು ಹೊರಟರು. ಮೊದಲು ಬರಿಯ ಒಂದು ಸ್ವರ: ಸೀಟಿಯಂತೆ ಸಪ್ಪೆ. ಅದಕ್ಕೆ ಮನುಷ್ಯ ಕಂಠದಲ್ಲಿರುವಂತೆಯೇ ಮೇಲಿನ ಅನುಸ್ವರಗಳನ್ನೆಲ್ಲ ಅಳತೆ ಪ್ರಕಾರ ಸೇರಿಸಿದರು. ಆಗಲೂ ಅದು ಯಂತ್ರದ ಗುಂಯ್‌ಗುಟ್ಟುವಿಕೆಯೇ. ಆಮೇಲೆ ಇಡೀ ದನಿಗೆ ಸಣ್ಣ ವಿಬ್ರಾಟೋ ಕೊಟ್ಟರು, ಅದೂ ಗಡಿಯಾರದಂತೆ ಒಂದೇ ಸಮನಲ್ಲ, ಅಲ್ಪ ಸ್ವಲ್ಪ ಏರುಪೇರಿನೊಡನೆ. ತಕ್ಷಣ ಅಲ್ಲೊಬ್ಬ ಹೆಂಗಸು ಹಾಡುತ್ತಿದ್ದಳು.

ಕಾರಣ ಸರಳ. ಕೆರೆಯ ಮೇಲೆ ಹರಡಿ ಹಾರುತ್ತಿರುವ ಕೊಕ್ಕರೆಗಳು ಒಟ್ಟಿಗೆ ಹೊರಳಿದಾಗ ಮಾತ್ರ ಇವೆಲ್ಲ ಒಂದೇ ಗುಂಪಿನವು ಎಂದು ಕಣ್ಣಿಗೆ ಗೊತ್ತಾಗುತ್ತದೆ. ಅನುಸ್ವರಗಳೂ ಒಟ್ಟಿಗೆ ಅಲುಗಿದಾಗ ಇವು ಒಂದೇ ಕಂಠದಿಂದ ಬಂದವು ಎಂದು ಕಿವಿ ಒಪ್ಪುತ್ತದೆ. ಎಲ್ಲ ಸಾಮಗ್ರಿಯೂ ಇದ್ದು, ಅಲುಗಾಟವೊಂದೇ ಇಲ್ಲದಿದ್ದಾಗ ಅಲ್ಲಿ ಮನುಷ್ಯಳಿರಲಿಲ್ಲ.

ಹಾಗಾದರೆ ಹುಡುಗಿಗೆ ನಾನು ಹೇಳಿದ್ದು ಪೂರ್ತಿ ತಪ್ಪೇ? ಇಲ್ಲ. ಯಂತ್ರದ ಅಲುಗಾಟ ಗಮಕವಲ್ಲ. ಅದು ಕೊಟ್ಟ ವೇಗದಲ್ಲಿ, ಕೊಟ್ಟಷ್ಟೇ ದೂರ, ಯಾವ ಸ್ವರಕ್ಕೂ ಒಂದೇ ರೀತಿ ತೂಗುತ್ತದೆ. ನಮ್ಮಲ್ಲಿ ಷಡ್ಜ ಪಂಚಮಗಳು ಅಚಲ. ಅವನ್ನು ಅಲುಗಿಸಿದರೆ ಮನೆಯ ಕಂಬವನ್ನೇ ಅಲುಗಿಸಿದಂತೆ. ತೋಡಿಯ ಗಾಂಧಾರ ಅಲುಗಲೇಬೇಕು, ಆದರೆ ಯಾವ ಸ್ವರದಿಂದ ಎದ್ದು ಎಲ್ಲಿಗೆ ಹೋಗಿ ಹೇಗೆ ಇಳಿಯಬೇಕೆಂಬುದು ಅದಕ್ಕೆ ಗೊತ್ತಿರಬೇಕು. ತೂಗುವ ಕೈ ಯಂತ್ರದಲ್ಲಿದೆ. ಎಲ್ಲಿ, ಎಷ್ಟು ಎಂಬ ವಿವೇಕ ನುಡಿಸುವವರಲ್ಲಿ. ಆ ಚಕ್ರವನ್ನು ಎಡಗೈಗೆ ಕೊಟ್ಟದ್ದು ಅದಕ್ಕೇ. ತಪ್ಪಾದದ್ದು ನಾನು ಎರಡನೆಯ ಮಾತನ್ನು ಹೇಳಿಕೊಡದೆ ಮೊದಲನೆಯ ಮಾತಿನಲ್ಲಿ ಮಗುವಿನ ಬಾಯಿ ಮುಚ್ಚಿಸಿದ್ದು.

ಸೋಮವಾರ ಅವಳನ್ನು ಸ್ಟಾಫ್ ರೂಮಿಗೆ ಕರೆಸಿದೆ. "ನಾನು ಅವತ್ತು ಹಾಗೆ ಅನ್ನಬಾರದಿತ್ತು ಕಣಮ್ಮ. ಕೀಬೋರ್ಡ್ ತಗೊಂಡು ಬಾ" ಎಂದೆ. ಟೀಚರು ತಪ್ಪೊಪ್ಪಿಕೊಳ್ಳುವುದನ್ನು ಕಂಡು ಅವಳಿಗೇ ಮುಜುಗರ. "ಪರವಾಗಿಲ್ಲ ಮಿಸ್" ಎಂದು ಕಾಲ್ಬೆರಳು ನೋಡುತ್ತಾ ನಿಂತಳು.

ಸಂಜೆ ಖಾಲಿ ತರಗತಿಯಲ್ಲಿ ಇಬ್ಬರೂ ಕುಳಿತೆವು. ಸ್ವರ ಹಿಡಿದ ತಕ್ಷಣ ಚಕ್ರ ಮುಟ್ಟಬೇಡ, ಮೊದಲು ನೆಟ್ಟಗೆ ನಿಲ್ಲಲಿ, ಆಮೇಲೆ ಸ್ವಲ್ಪವೇ ತೂಗು ಎಂದೆ. ಷಡ್ಜ ಪಂಚಮ ಬಂದಾಗ ಚಕ್ರ ಪೂರ್ತಿ ಇಳಿಸು ಎಂದೆ. ಎಲ್ಲಿ ತೂಗಬೇಕೆಂದು ಬಾಯಲ್ಲಿ ಹೇಳಲು ಆಗದೆ ನಾನೇ ಹಾಡಿ ತೋರಿಸಬೇಕಾಯಿತು. ಹನ್ನೆರಡನೆಯ ವಯಸ್ಸಿನಿಂದ ಯಾರ ಮುಂದೆಯೂ ಹಾಡಿದವಳಲ್ಲ. ದನಿ ಒರಟಾಗಿತ್ತು, ಮೊದಲೆರಡು ಸಲ ಗಾಂಧಾರ ಸೆಟೆದೇ ನಿಂತಿತು. ಮೂರನೆಯ ಸಲ ಸಣ್ಣಗೆ ಅಲುಗಿತು.

ಅವಳು ತಲೆಯೆತ್ತಿ, "ಅದೇ ಮಿಸ್, ಅದನ್ನೇ ಇನ್ನೊಂದ್ಸಲ ಹಾಡಿ" ಎಂದು ಎಡಗೈಯನ್ನು ಚಕ್ರದ ಮೇಲಿಟ್ಟುಕೊಂಡಳು.